ಮುನ್ನೂರು ಜನ ನೋಡುವ ಲೀಗಿಗೆ ಲೆಕ್ಕ ಬೇಡವೇ?

ಓದುಗರ ಪತ್ರ: “ಇಂಗ್ಲೆಂಡಿನ ಕೆಳಹಂತದ ಫುಟ್‌ಬಾಲ್ ಲೀಗುಗಳ 2019–20ರ ಋತುವನ್ನು ಅಳಿಸಿಹಾಕಿದ್ದು ಅನ್ಯಾಯ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೀರಿ. ಕೊರೊನಾದಲ್ಲಿ ಜನ ಸಾಯುತ್ತಿದ್ದಾಗ ಮುನ್ನೂರು ಜನ ನೋಡುವ ಪಂದ್ಯಗಳ ಪಾಯಿಂಟು ಹೋದರೆ ಗಂಟೇನು ಹೋಯಿತು? ಒಬ್ಬರು 29 ಪಂದ್ಯ, ಇನ್ನೊಬ್ಬರು 33 ಪಂದ್ಯ ಆಡಿರುವ ಟೇಬಲ್ ಇಟ್ಟುಕೊಂಡು ಬಡ್ತಿ ಕೊಡುವುದು ಯಾವ ನ್ಯಾಯ? ಆ ಲೀಗುಗಳಿಂದ ಆಗುವ ಪ್ರಯೋಜನವೆಂದರೆ, ಕೆಳಹಂತದಿಂದ ಇಂಗ್ಲೆಂಡ್ ತಂಡದವರೆಗೆ ಏರಿದ ಜೇಮಿ ವಾರ್ಡಿಯಂಥವರನ್ನು ಮೇಲಕ್ಕೆ ಕಳಿಸುವುದು. ಅದಂತೂ ನಿಂತಿಲ್ಲ. ಇಷ್ಟಕ್ಕೂ ಇಂಥ ಲೀಗನ್ನು ಇಲ್ಲಿ ಕೂತು ಹಿಂಬಾಲಿಸುವುದು ಹೇಗೆ?”
— ನಿವೃತ್ತ ಬ್ಯಾಂಕ್ ಉದ್ಯೋಗಿ, ಹಾಸನ

ಸಂಪಾದಕರ ಉತ್ತರ:

ಆಟ ನಿಲ್ಲಿಸಿದ್ದು ಸರಿ. ಆ ಮಾತಿನಲ್ಲಿ ನಿಮಗೂ ನಮಗೂ ಜಗಳವಿಲ್ಲ. ಈ ಕ್ಲಬ್ಬುಗಳ ಗೇಟಿನಲ್ಲಿ ಹಣ ತೆಗೆದುಕೊಳ್ಳುವವರು, ಚಹಾ ಕಾಸುವವರು, ಗೆರೆ ಎಳೆಯುವವರು ಬಹುಪಾಲು ನಿವೃತ್ತರು, ಅಂದರೆ ಆ ಕಾಯಿಲೆ ಹೆಚ್ಚು ಬಲಿ ತೆಗೆದುಕೊಳ್ಳುತ್ತಿದ್ದ ವಯಸ್ಸಿನವರು. ಈ ವಿಷಯ ಇಲ್ಲಿಗೆ ಬಿಡೋಣ. ನಮ್ಮ ತಕರಾರು ನಿಲ್ಲಿಸಿದ್ದರ ಮೇಲಲ್ಲ, ಅಳಿಸಿದ್ದರ ಮೇಲೆ. ಇವೆರಡನ್ನೂ ಒಂದೇ ಎಂದುಕೊಂಡು ನೀವು ಪತ್ರ ಬರೆದಿದ್ದೀರಿ. ಬ್ಯಾಂಕಿನಲ್ಲಿದ್ದವರು ಹೇಳಿ: ವರ್ಷದ ನಡುವೆ ಶಾಖೆಗೆ ಬೀಗ ಬಿದ್ದರೆ ಅಲ್ಲಿಯವರೆಗಿನ ಲೆಡ್ಜರ್ ಹರಿದು ಬಿಸಾಡುತ್ತೀರಾ, ಅಥವಾ ಬೀಗ ಬಿದ್ದ ದಿನದ ಬಾಕಿ ತೆಗೆಯುತ್ತೀರಾ?

ಆದದ್ದನ್ನು ಮಟ್ಟವಾರು ನೋಡಿ. ಮೇಲಿನ ಎರಡು ಮಟ್ಟ, ಅಂದರೆ ಪ್ರೀಮಿಯರ್ ಲೀಗ್ ಮತ್ತು ಚಾಂಪಿಯನ್‌ಶಿಪ್, ಜೂನ್‌ನಲ್ಲಿ ಮತ್ತೆ ಶುರುವಾಗಿ ಪೂರ್ತಿಯಾದವು. ಮೂರರಿಂದ ಆರನೆಯ ಮಟ್ಟದವರೆಗೆ ಪಂದ್ಯವೊಂದಕ್ಕೆ ಸರಾಸರಿ ಎಷ್ಟು ಪಾಯಿಂಟು ಎಂಬ ಲೆಕ್ಕ ಹಾಕಿ ಸ್ಥಾನ ಕೊಟ್ಟರು. ಆ ಲೆಕ್ಕದಿಂದಲೇ ಬ್ಯಾರೋ ಕ್ಲಬ್ 1972ರಲ್ಲಿ ಕಳೆದುಕೊಂಡಿದ್ದ, ವೃತ್ತಿಪರ ಕ್ಲಬ್ಬುಗಳ ಫುಟ್‌ಬಾಲ್ ಲೀಗಿನ ಜಾಗಕ್ಕೆ 48 ವರ್ಷಗಳ ಮೇಲೆ ಮರಳಿತು. ಏಳನೆಯ ಮಟ್ಟದಿಂದ ಕೆಳಕ್ಕೆ? 2020ರ ಮಾರ್ಚ್ 26ರಂದು ಅಲ್ಲಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ಹೇಳಿದ್ದು ಇಷ್ಟೇ: ಎಲ್ಲ ಫಲಿತಾಂಶ ರದ್ದು, ಬಡ್ತಿಯೂ ಇಲ್ಲ, ಹಿಂಬಡ್ತಿಯೂ ಇಲ್ಲ. ಏಳನೆಯ ಮಟ್ಟದ ನಾರ್ದರ್ನ್ ಪ್ರೀಮಿಯರ್ ಲೀಗಿನಲ್ಲಿ ಸೌತ್ ಶೀಲ್ಡ್ಸ್ 12 ಪಾಯಿಂಟು ಮುಂದಿತ್ತು. ಜರ್ಸಿ ದ್ವೀಪದ ಜರ್ಸಿ ಬುಲ್ಸ್ ಹತ್ತನೆಯ ಮಟ್ಟದಲ್ಲಿ ಆಡಿದ 27 ಪಂದ್ಯಗಳಲ್ಲಿ 27ನ್ನೂ ಗೆದ್ದು ಬಡ್ತಿಯನ್ನು ಖಚಿತ ಮಾಡಿಕೊಂಡಿತ್ತು. ಎರಡೂ ಒಂದೇ ಪ್ರಕಟಣೆಯಲ್ಲಿ ಸೊನ್ನೆಯಾದವು. ಇದಕ್ಕೆ ಮೊದಲು 1939–40ರಲ್ಲಿ ಯುದ್ಧ ಶುರುವಾದಾಗ ಫುಟ್‌ಬಾಲ್ ಲೀಗಿನ ಫಲಿತಾಂಶ ಅಳಿಸಿದ್ದುಂಟು. ಆಗ ಆಡಿದ್ದು ಸುಮಾರು ಮೂರು ಮೂರು ಪಂದ್ಯ.

ಟೇಬಲ್ ಸಮವಾಗಿರಲಿಲ್ಲ ಎಂಬ ನಿಮ್ಮ ಆಕ್ಷೇಪ ತೂಕದ್ದು, ಅದನ್ನೇ ಬಿಡಿಸೋಣ. 22 ಕ್ಲಬ್ಬುಗಳ ಲೀಗು, ತಲಾ 42 ಪಂದ್ಯ. ಒಂದು ಕ್ಲಬ್ 33 ಪಂದ್ಯಗಳಲ್ಲಿ 66 ಪಾಯಿಂಟು ಗಳಿಸಿ ಮೊದಲ ಸ್ಥಾನದಲ್ಲಿದೆ. ಇನ್ನೊಂದು 29ರಲ್ಲಿ 61 ಗಳಿಸಿ ಎರಡನೆಯದಾಗಿದೆ. ಮೊದಲನೆಯದರ ಸರಾಸರಿ 2.00, 42ಕ್ಕೆ 84. ಎರಡನೆಯದರದು 2.10, 42ಕ್ಕೆ 88. ಎರಡನೆಯದೇ ಮುಂದು. ಆದರೆ ಅದರ 29ರಲ್ಲಿ 17 ಪಂದ್ಯ ತವರಿನಲ್ಲಿ ಆಗಿದ್ದರೆ? ತವರಿನ 17ರಲ್ಲಿ 41 ಪಾಯಿಂಟು, ಹೊರಗಿನ 12ರಲ್ಲಿ 20 ಎಂದಿಟ್ಟುಕೊಳ್ಳಿ. ಎರಡನ್ನೂ ಬೇರೆ ಬೇರೆಯಾಗಿ 21 ಪಂದ್ಯಕ್ಕೆ ಹಿಗ್ಗಿಸಿದರೆ ಸುಮಾರು 51 ಮತ್ತು 35, ಒಟ್ಟು 86. ಮುನ್ನಡೆ ಅರ್ಧಕ್ಕಿಳಿಯಿತು, ಆದರೂ ಉಳಿಯಿತು. ಒಂದು ಕಾಗದ, ಒಂದು ಪೆನ್ಸಿಲು ಸಾಕಾಗುವ ಲೆಕ್ಕ ಇದು. ಆರನೆಯ ಮಟ್ಟದಲ್ಲಿ ನಡೆದ ಲೆಕ್ಕ ಏಳನೆಯದರಲ್ಲಿ ಯಾಕೆ ನಡೆಯಬಾರದು?

ಪಂದ್ಯಗಳ ಸಂಖ್ಯೆ ಯಾಕೆ ಹೀಗೆ ಏರುಪೇರಾಗುತ್ತದೆ ಎಂದು ಕೇಳಿದ್ದರೆ ನಿಮಗೆ ಇನ್ನೂ ಒಳ್ಳೆಯ ಉತ್ತರ ಸಿಗುತ್ತಿತ್ತು. ಕೇಳಿಲ್ಲ, ಆದರೂ ಹೇಳುತ್ತೇವೆ. ಋತು ಆಗಸ್ಟಿನಿಂದ ಏಪ್ರಿಲ್ ಕೊನೆಯವರೆಗೆ. ಶನಿವಾರಗಳನ್ನು ಲೀಗೊಂದೇ ತಿನ್ನುವುದಿಲ್ಲ. ಎಫ್‌ಎ ಕಪ್ಪಿನ ಅರ್ಹತಾ ಸುತ್ತು, ಎಫ್‌ಎ ಟ್ರೋಫಿ ಅಥವಾ ಅದಕ್ಕಿಂತ ಕೆಳಗಿನವರ ಎಫ್‌ಎ ವೇಸ್, ಕೌಂಟಿ (ಅಲ್ಲಿನ ಜಿಲ್ಲೆ) ಕಪ್, ಲೀಗಿನದೇ ಕಪ್, ಎಲ್ಲಕ್ಕೂ ಪಾಲು ಬೇಕು. ಕಪ್ಪುಗಳಲ್ಲಿ ಗೆಲ್ಲುತ್ತಾ ಹೋದ ಕ್ಲಬ್ಬಿನ ಲೀಗ್ ಪಂದ್ಯಗಳು ಹಿಂದೆ ಬೀಳುತ್ತವೆ. ಜೊತೆಗೆ ಮಳೆ, ಹಿಮ.

ಮಳೆ ಬಂದ ಶನಿವಾರ ಬೆಳಿಗ್ಗೆ ಹತ್ತಿರದ ಊರಿನ ರೆಫರಿಯೊಬ್ಬರನ್ನು ಕರೆಸಿ ಮೈದಾನ ತೋರಿಸುತ್ತಾರೆ. ಅವರು ಚೆಂಡನ್ನು ಎತ್ತರದಿಂದ ಬಿಡುತ್ತಾರೆ: ಪುಟಿಯದೆ ಕೂತರೆ ಕಷ್ಟ. ನೆಲದ ಮೇಲೆ ಉರುಳಿಸುತ್ತಾರೆ: ನೀರು ಚಿಮ್ಮಿಸಿ ನಿಂತರೆ ಇನ್ನೂ ಕಷ್ಟ. ಗೋಲುಗಳ ಬಾಯಿ ಮತ್ತು ಲೈನ್ಸ್‌ಮನ್ ಓಡಾಡುವ ಪಟ್ಟಿ ಮೊದಲು ಕೆಡುತ್ತವೆ, ಏಕೆಂದರೆ ಅಲ್ಲೇ ಕಾಲ್ತುಳಿತ ಹೆಚ್ಚು, ಹುಲ್ಲು ಕಡಿಮೆ. ಸ್ವಯಂಸೇವಕರು ಉದ್ದ ಹಲ್ಲಿನ ಫೋರ್ಕುಗಳಿಂದ ಚುಚ್ಚಿ ನೀರು ಇಳಿಸುತ್ತಾರೆ, ಮರಳು ಹಾಕುತ್ತಾರೆ. ಹಿಮಕ್ಕೆ ಈ ಉಪಾಯ ನಡೆಯದು. ಮೇಲಿನ ಒಂದಂಗುಲ ಬಿಸಿಲಿಗೆ ಕರಗಿ ಒಳಗೆ ಗಟ್ಟಿಯಾಗಿರುವ ಮೈದಾನವೇ ಎಲ್ಲಕ್ಕಿಂತ ಅಪಾಯ. ನೋಡಲು ಚೆನ್ನಾಗಿರುತ್ತದೆ, ಬೂಟಿನ ಮೊಳೆ ಕಚ್ಚುವುದಿಲ್ಲ, ಮೊಣಕಾಲು ತಿರುಚುತ್ತದೆ. ಬೆಳಿಗ್ಗೆ ಒಂಬತ್ತಕ್ಕೇ ರದ್ದಾದರೆ ನಷ್ಟ ಅಷ್ಟಕ್ಕಷ್ಟೆ. ಮಧ್ಯಾಹ್ನ ಒಂದಕ್ಕೆ ರದ್ದಾದರೆ ಎದುರಾಳಿಯ ಬಸ್ಸು ಆಗಲೇ ದಾರಿಯಲ್ಲಿರುತ್ತದೆ, ಬಾಡಿಗೆ ಕೊಟ್ಟಾಗಿರುತ್ತದೆ, ಅಡುಗೆಮನೆಯಲ್ಲಿ ಮಾಂಸದ ಪೈ ಬಿಸಿಯಾಗುತ್ತಿರುತ್ತದೆ.

ಹಾಗೆ ತಪ್ಪಿದ ಪಂದ್ಯ ಮಂಗಳವಾರ ರಾತ್ರಿಗೆ ಹೋಗುತ್ತದೆ. ಆಟಗಾರರು ಹಗಲು ಕೆಲಸಕ್ಕೆ ಹೋಗುವವರು. ಸಂಜೆ ನಾಲ್ಕಕ್ಕೆ ಬಸ್ಸು ಹತ್ತಲು ಎಲ್ಲರಿಗೂ ರಜೆ ಸಿಗುವುದಿಲ್ಲ, ಹದಿನಾರು ಜನರ ತಂಡ ಹದಿಮೂರಕ್ಕಿಳಿಯುತ್ತದೆ. ಈಶಾನ್ಯ ಇಂಗ್ಲೆಂಡಿನ ನಾರ್ದರ್ನ್ ಲೀಗಿನಲ್ಲಿ (ಒಂಬತ್ತು, ಹತ್ತನೆಯ ಮಟ್ಟ; ಮೇಲೆ ಹೇಳಿದ ನಾರ್ದರ್ನ್ ಪ್ರೀಮಿಯರ್ ಲೀಗ್ ಬೇರೆ) ಪಶ್ಚಿಮದ ಪೆನ್ರಿತ್‌ನವರು ಪೂರ್ವ ಕರಾವಳಿಗೆ ಬರಬೇಕಾದರೆ ಪೆನ್ನೈನ್ ಬೆಟ್ಟಸಾಲು ದಾಟಬೇಕು. ಹಿಮ ಬಿದ್ದ ದಿನ ದಾರಿಯೇ ಮುಚ್ಚಿರುತ್ತದೆ. ಬಾಕಿ ಪಂದ್ಯ ರಾಶಿ ಬಿದ್ದು ಏಪ್ರಿಲ್‌ನಲ್ಲಿ ಶನಿವಾರ, ಸೋಮವಾರ, ಬುಧವಾರ, ಮತ್ತೆ ಶನಿವಾರ ಎಂದು ಎಂಟು ದಿನಕ್ಕೆ ನಾಲ್ಕು ಆಡಬೇಕಾಗುತ್ತದೆ. ಕಾರ್ಯದರ್ಶಿಗಳ ಕೈ ತಪ್ಪುವುದೂ ಆಗಲೇ. ನಿಷೇಧ ಯಾವ ಪಂದ್ಯಕ್ಕೆ ಮುಗಿಯಿತು, ಹೊಸಬನ ನೋಂದಣಿ ಯಾವ ದಿನ ಬಂತು ಎಂಬುದು ದಿನಾಂಕ ಬದಲಾದಾಗ ಗೋಜಲಾಗುತ್ತದೆ. ಅರ್ಹತೆಯಿಲ್ಲದವನನ್ನು ಇಳಿಸಿದರೆ ಗಳಿಸಿದ ಪಾಯಿಂಟು ಕಡಿತ. ಒಪ್ಪಂದವಿಲ್ಲದ ಆಟಗಾರನನ್ನು ಇನ್ನೊಂದು ಕ್ಲಬ್ ಏಳು ದಿನದ ಲಿಖಿತ ನೋಟಿಸ್ ಕೊಟ್ಟು ಮಾತಾಡಿಸಿ ಕರೆದೊಯ್ಯಬಹುದು. ಗೊತ್ತುಮಾಡಿದ ದಿನದೊಳಗೆ ಮೈದಾನ ಮೇಲಿನ ದರ್ಜೆಗೆ ಬೇಕಾದ ಆಸನ, ದೀಪ, ಆವರಣ ಎಲ್ಲ ತೋರಿಸದಿದ್ದರೆ ಚಾಂಪಿಯನ್ ಆದರೂ ಬಡ್ತಿಯಿಲ್ಲ. ಇಷ್ಟೆಲ್ಲ ದಾಟಿ ಬಂದ ಪಾಯಿಂಟುಗಳು, ಸ್ವಾಮಿ, ನೀವು “ಗಂಟೇನು ಹೋಯಿತು” ಎಂದದ್ದು.

ಇನ್ನು ವಾರ್ಡಿಯ ವಿಷಯ. ಈ ಲೀಗುಗಳ ಪರ ಮಾತಾಡುವವರೂ ವಿರುದ್ಧ ಮಾತಾಡುವವರೂ ಅವರ ಹೆಸರನ್ನೇ ಹಿಡಿಯುತ್ತಾರೆ. ನಮಗೆ ಇದು ಬೇಸರ ತರಿಸಿದೆ. ನಾರ್ದರ್ನ್ ಲೀಗಿನ ಟೋ ಲಾ ಟೌನ್‌ನಿಂದ 1980ರಲ್ಲಿ, ಮುಂದೆ ಇಂಗ್ಲೆಂಡಿಗೆ ಆಡಿದ ಕ್ರಿಸ್ ವಾಡಲ್‌ರನ್ನು ನ್ಯೂಕಾಸಲ್ 1,000 ಪೌಂಡಿಗೆ ಕೊಂಡದ್ದು ಚಂದದ ಕತೆಯೇ. ಆದರೆ ಟೋ ಲಾ ಇರುವುದು ವಾಡಲ್‌ಗಳನ್ನು ಬೆಳೆಸಿ ಮಾರಲಿಕ್ಕಲ್ಲ. ಗಾಳಿ ಬೀಸುವ ಆ ಗುಡ್ಡದ ಮೈದಾನದಲ್ಲಿ 1967ರಲ್ಲಿ ಎಫ್‌ಎ ಕಪ್ಪಿಗೆ ಬಂದ ಮ್ಯಾನ್ಸ್‌ಫೀಲ್ಡ್ ಟೌನ್ 5–1ರಿಂದ ಸೋತು ಹೋಯಿತು. ಅದು ಟೋ ಲಾದ ಸ್ವಂತ ಆಸ್ತಿ.

ನಾರ್ದರ್ನ್ ಲೀಗು ಹುಟ್ಟಿದ್ದು 1889ರಲ್ಲಿ, ಫುಟ್‌ಬಾಲ್ ಲೀಗಿಗಿಂತ ಒಂದೇ ವರ್ಷ ಚಿಕ್ಕದು. ಗಣಿ ಕಾರ್ಮಿಕರ ವೆಸ್ಟ್ ಆಕ್‌ಲ್ಯಾಂಡ್ ತಂಡ 1909 ಮತ್ತು 1911ರಲ್ಲಿ ಟ್ಯೂರಿನ್‌ಗೆ ಹೋಗಿ ಸರ್ ಥಾಮಸ್ ಲಿಪ್ಟನ್ ಟ್ರೋಫಿ ಗೆದ್ದಿತು. ಎರಡನೆಯ ಸಲ ಸೋಲಿಸಿದ್ದು ಯುವೆಂಟಸ್ ಅನ್ನು, 6–1ರಿಂದ. ಕ್ರುಕ್ ಊರಿನ ಜ್ಯಾಕ್ ಗ್ರೀನ್‌ವೆಲ್ ಬಾರ್ಸಿಲೋನಾದ ಕೋಚ್ ಆದರು, ಆಮೇಲೆ 1939ರಲ್ಲಿ ಪೆರುವಿಗೆ ದಕ್ಷಿಣ ಅಮೆರಿಕದ ಚಾಂಪಿಯನ್ ಪಟ್ಟ ತಂದರು. ಕ್ರುಕ್ ಟೌನ್ 1976ರಲ್ಲಿ ಭಾರತಕ್ಕೂ ಬಂದು ಆಡಿಹೋಗಿದೆ. ಬಿಷಪ್ ಆಕ್‌ಲ್ಯಾಂಡ್ ಹವ್ಯಾಸಿ ತಂಡಗಳ ಅಮೆಚೂರ್ ಕಪ್ಪನ್ನು ಹತ್ತು ಸಲ ಗೆದ್ದಿತು. 1958ರ ಮ್ಯೂನಿಕ್ ವಿಮಾನ ದುರಂತದ ನಂತರ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಆಟಗಾರರನ್ನು ಕೊಟ್ಟಿದ್ದೂ ಅವರೇ. 2009ರಿಂದ 2017ರವರೆಗಿನ ಒಂಬತ್ತು ವೇಸ್‌ಗಳಲ್ಲಿ ಎಂಟು ಈ ಒಂದು ಲೀಗಿಗೆ ಬಂದವು. ಕೊನೆಯದು ಸೌತ್ ಶೀಲ್ಡ್ಸ್‌ನದು. ಆ 2016–17ರ ಋತುವಿನಲ್ಲಿ ಅವರು ಸತತ 32 ಪಂದ್ಯ ಗೆದ್ದು ಲೀಗ್, ಲೀಗ್ ಕಪ್, ಡರ್ಹಮ್ ಚಾಲೆಂಜ್ ಕಪ್, ವೇಸ್ ನಾಲ್ಕನ್ನೂ ಮನೆಗೆ ಒಯ್ದರು. ಅದಕ್ಕೆ ಎರಡು ವರ್ಷ ಹಿಂದೆ ಅವರಿಗೆ ಊರಿನಲ್ಲಿ ಆಡಲು ಮೈದಾನವೂ ಇಲ್ಲದೆ ಪೀಟರ್‌ಲೀಯಲ್ಲಿ ಆಡುತ್ತಿದ್ದರು.

ಅಳಿಸಿದ ಋತುವಿಗೆ ಮರಳೋಣ, ಏಕೆಂದರೆ ಅಸಲು ತಮಾಷೆ ಇನ್ನೂ ಬಾಕಿ ಇದೆ. ಲೀಗನ್ನು ಅಳಿಸಿದ ಸಂಸ್ಥೆ ಅದೇ ಋತುವಿನ ವೇಸ್ ಅನ್ನು ಅಳಿಸಲಿಲ್ಲ. 2019–20ರ ಫೈನಲ್ 2021ರ ಮೇ 3ರಂದು ವೆಂಬ್ಲಿಯಲ್ಲಿ ಪ್ರೇಕ್ಷಕರಿಲ್ಲದೆ ನಡೆಯಿತು. ಆಡಿದವರು ನಾರ್ದರ್ನ್ ಲೀಗಿನ ಹೆಬರ್ನ್ ಟೌನ್ ಮತ್ತು ಕಾನ್ಸೆಟ್. ಹೆಬರ್ನ್ 3–2ರಿಂದ ಗೆದ್ದಿತು. ಹದಿನಾಲ್ಕು ತಿಂಗಳು ಕಾದು ಒಂದು ಕಪ್ ಮುಗಿಸಬಹುದಾದರೆ ಲೀಗಿನ ಟೇಬಲ್ಲಿಗೆ ಒಂದು ಭಾಗಾಕಾರ ಮಾಡಲು ಆಗಲಿಲ್ಲವೇ? ಆಯಿತು, ಆಮೇಲೆ! 2020–21ರ ಋತುವೂ ಅರ್ಧಕ್ಕೆ ನಿಂತಾಗ ಎಫ್‌ಎ ಎಂಟನೆಯ ಮಟ್ಟದಿಂದ ಕೆಳಗಿನ ಲೀಗುಗಳನ್ನು ಮರುಜೋಡಿಸಿ, ಎರಡೂ ಋತುಗಳ ಸರಾಸರಿ ನೋಡಿ ಬಡ್ತಿ ಕೊಟ್ಟಿತು. ಅಂದರೆ “ಇಲ್ಲ” ಎಂದಿದ್ದ ಫಲಿತಾಂಶಗಳೇ ವರ್ಷದ ಮೇಲೆ ಲೆಕ್ಕಕ್ಕೆ ಬಂದವು. ಜರ್ಸಿ ಬುಲ್ಸ್ ಹೀಗೆ ಮೇಲೇರಿತು. ಏಳನೆಯ ಮಟ್ಟದಲ್ಲಿದ್ದ ಸೌತ್ ಶೀಲ್ಡ್ಸ್‌ಗೆ ಆ ಭಾಗ್ಯವೂ ಬರಲಿಲ್ಲ. ಪಂಚಾಯ್ತಿಗೆ ಹೋಗಿ ಸೋತಿದ್ದ ಅವರು 2023ರಲ್ಲಿ ಮತ್ತೆ ಮೊದಲಿಂದ ಆಡಿ ಚಾಂಪಿಯನ್ ಆಗಿಯೇ ಮೇಲೆ ಹೋದರು.

ಇದೇ ಚಾಳಿ ಮುಂದುವರಿದಿದೆ. 2021ರ ಜನವರಿಯಲ್ಲಿ ಎಂಟನೆಯ ಮಟ್ಟದ ಮರೀನ್ ಕ್ಲಬ್, ಎಫ್‌ಎ ಕಪ್ಪಿನಲ್ಲಿ ತನ್ನ ಮೈದಾನಕ್ಕೆ ಪ್ರೀಮಿಯರ್ ಲೀಗಿನ ಟಾಟನ್‌ಹ್ಯಾಮ್ ಬಂದಾಗ, ಒಳಗೆ ಬಿಡಲಾಗದ ಪಂದ್ಯಕ್ಕೆ ತಲಾ 10 ಪೌಂಡಿನ 30,697 ಟಿಕೆಟು ಮಾರಿತು. ಕೆಳಗಿನವರ ಮೇಲೆ ಜನರಿಗೆ ಅಕ್ಕರೆ ಇದೆ ಎನ್ನಲು ಇನ್ನೇನು ಬೇಕು? ಆದರೂ 2024–25ರಿಂದ ಎಫ್‌ಎ ಕಪ್ಪಿನ ಮೊದಲ ಮುಖ್ಯ ಸುತ್ತಿನಿಂದ ಮುಂದಕ್ಕೆ ಮರುಪಂದ್ಯ ತೆಗೆದುಹಾಕಿದರು, ದೊಡ್ಡವರಿಗೆ ದಿನಗಳು ಸಾಲುವುದಿಲ್ಲವಂತೆ. ಡ್ರಾ ಮಾಡಿಕೊಂಡು ದೊಡ್ಡ ಮೈದಾನದ ಗೇಟಿನಲ್ಲಿ ಪಾಲು ಪಡೆದು ಒಂದು ಚಾವಣಿ ಹಾಕಿಸಿಕೊಳ್ಳುವ ದಾರಿ ಹೋಯಿತು. ನಮ್ಮ ಕನ್ನಡ ಪತ್ರಿಕೆಗಳ ಕ್ರೀಡಾಪುಟವೂ ಕಡಿಮೆಯೇನಲ್ಲ: ಮ್ಯಾಂಚೆಸ್ಟರಿನ ಕೋಚ್ ಮುನಿಸಿಕೊಂಡರೆ ನಾಲ್ಕು ಕಾಲಂ, ನಮ್ಮದೇ ಜಿಲ್ಲಾ ಲೀಗಿನ ಟೇಬಲ್ಲಿಗೆ ನಾಲ್ಕು ಸಾಲಿಲ್ಲ.

ಹಿಂಬಾಲಿಸುವುದು ಹೇಗೆ ಎಂದಿರಿ. ಒಂದೇ ಲೀಗು ಆರಿಸಿಕೊಳ್ಳಿ, ಜನವರಿಯಲ್ಲಿ ಶುರುಮಾಡಿ. ಟೇಬಲ್ ತೆರೆದಾಗ ಪಾಯಿಂಟಿಗಿಂತ ಮೊದಲು ಆಡಿದ ಪಂದ್ಯಗಳ ಕಾಲಂ ನೋಡಿ, ಅದರಿಂದ ಭಾಗಿಸಿ. ನಿಮ್ಮ ಕೈಗೆ ಅದು ಹೇಳಿಕೊಡಬೇಕಿಲ್ಲ. ಶನಿವಾರದ ಮೂರು ಗಂಟೆಯ ಪಂದ್ಯ ಚಳಿಗಾಲದಲ್ಲಿ ಹಾಸನಕ್ಕೆ ರಾತ್ರಿ ಎಂಟೂವರೆ, ಮಾರ್ಚ್ ಕೊನೆಯಲ್ಲಿ ಅವರು ಗಡಿಯಾರ ತಿರುಗಿಸಿದ ಮೇಲೆ ಏಳೂವರೆ. ಮಂಗಳವಾರದ 7.45ರ ಪಂದ್ಯ ನಿಮಗೆ ಚಳಿಗಾಲದಲ್ಲಿ ಬುಧವಾರ ನಸುಕಿನ 1.15. ಅದಕ್ಕೆ ನಿದ್ದೆ ಕೆಡಬೇಡಿ, ಬೆಳಿಗ್ಗೆ ನೋಡಿ. ಯಾರು ಗೆದ್ದರು ಎಂಬುದು ಆಮೇಲೆ, ಮೊದಲು ಪಂದ್ಯ ನಡೆಯಿತೇ ಎಂದು ನೋಡಿ.