ರಾಜನಿಲ್ಲದ ರಾಜದ್ರೋಹ

'ತಿಲಕರಿಗೆ ದೇಶದ್ರೋಹಕ್ಕಾಗಿ ಶಿಕ್ಷೆಯಾಯಿತೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅದು ರಾಜದ್ರೋಹವಲ್ಲವೇ? ಅದಿರಲಿ, ರಾಜರೇ ಹೋದ ಮೇಲೆ ಆ ಪದವಾದರೂ ಏಕೆ?' ಎಂದು ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ.

ಮಾನ್ಯರೇ, ತಪ್ಪು ನಮ್ಮದೇ. ಕರಡು ತಿದ್ದಿದವನು ನಾನು. ದೇಶಕ್ಕಾಗಿ ಬರೆದವರ ತಲೆಗೆ ದೇಶದ್ರೋಹ ಕಟ್ಟಿದ್ದು ಸಣ್ಣ ತಪ್ಪೂ ಅಲ್ಲ.

1870ರಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿದ ರಾಜದ್ರೋಹದ 124ಎ ಕಲಮು ಕಾಯುತ್ತಿದ್ದುದು ದೇಶವನ್ನಲ್ಲ, ಸರ್ಕಾರವನ್ನು. ಸರ್ಕಾರದ ಮೇಲೆ ಜನರಲ್ಲಿ 'ಅಪ್ರೀತಿ' ಹುಟ್ಟಿಸುವುದೇ ಅಪರಾಧ. ಅಪ್ರೀತಿಯೆಂದರೆ ಪ್ರೀತಿ ಇಲ್ಲದಿರುವುದು ಎಂದು 1897ರಲ್ಲಿ ತಿಲಕರ ಮೊದಲ ರಾಜದ್ರೋಹ ಮೊಕದ್ದಮೆಯ ನ್ಯಾಯಾಧೀಶರು ಅರ್ಥ ಹೇಳಿದರು. (ಹಾಗಾದರೆ ತೆರಿಗೆ ಕಟ್ಟುವವರಲ್ಲಿ ನಿರಪರಾಧಿ ಯಾರು?) 1908ರಲ್ಲಿ ತಮ್ಮ ಪತ್ರಿಕೆ 'ಕೇಸರಿ'ಯ ಬರಹಗಳಿಗಾಗಿ ತಿಲಕರನ್ನು ಆರು ವರ್ಷ ಬರ್ಮಾದ ಮಂಡಾಲೆ ಸೆರೆಮನೆಗೆ ಕಳಿಸಿದ್ದೂ ಇದೇ ಕಲಮು. ಪ್ರೀತಿಯನ್ನು ಕಾನೂನಿನಿಂದ ಹುಟ್ಟಿಸಲಾಗದು ಎಂದು 1922ರಲ್ಲಿ ಗಾಂಧೀಜಿ ಅಹಮದಾಬಾದಿನ ನ್ಯಾಯಾಲಯದಲ್ಲಿ ಹೇಳಿ, ತಪ್ಪೊಪ್ಪಿಕೊಂಡು ಸೆರೆಮನೆಗೆ ನಡೆದರು.

ಇಲ್ಲಿ ಇನ್ನೊಂದು ಗೆರೆಯೂ ಇದೆ. 1858ರಲ್ಲಿ ನರಗುಂದದ ಅರಸ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಆಯುಧ ಹಿಡಿದದ್ದು ಬಂಡಾಯ. ಮುಂದೆ ಬಂದ ದಂಡ ಸಂಹಿತೆಯಲ್ಲಿ ಸರ್ಕಾರದ ವಿರುದ್ಧ ಯುದ್ಧಕ್ಕೆ ಬೇರೆ ಕಲಮೇ ಇತ್ತು. ರಾಜದ್ರೋಹ ನಾಲಿಗೆಯದು, ಲೇಖನಿಯದು. ಎದ್ದವನಿಗಲ್ಲ, 'ಏಳಿ' ಎಂದವನಿಗೆ. ಅದರಲ್ಲೂ ಹಿಂಸೆಗೆ ಕುಮ್ಮಕ್ಕು ಕೊಡುವ ಅಥವಾ ಸಾರ್ವಜನಿಕ ಶಾಂತಿ ಕದಡುವ ಮಾತಿಗಷ್ಟೇ ಕಲಮು ತಾಗುತ್ತದೆ, ಬರಿಯ ಟೀಕೆಗಲ್ಲ ಎಂದು ಸುಪ್ರೀಂ ಕೋರ್ಟ್ 1962ರ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಬಿಗಿಗೊಳಿಸಿತು. ಬಂಡಾಯವೆಂಬ ಪದವಾದರೋ ನಮ್ಮಲ್ಲಿ ಗೌರವ ಗಳಿಸಿ, ರೈತ ಹೋರಾಟಕ್ಕೂ ಸಾಹಿತ್ಯಕ್ಕೂ ಹೆಸರಾಯಿತು. ರಾಜದ್ರೋಹಕ್ಕೆ ಆ ಭಾಗ್ಯ ಬರಲಿಲ್ಲ.

ಇನ್ನು ನಿಮ್ಮ ರಾಜ. ರಾಜಧಾನಿಯಲ್ಲಿ, ರಾಜಪತ್ರದಲ್ಲಿ, ರಾಜಕಾರಣದಲ್ಲಿ ಯಾವ ರಾಜನಿದ್ದಾನೆ? ಅಲ್ಲೆಲ್ಲ ಆತ 'ಆಳ್ವಿಕೆ' ಎಂಬ ಅರ್ಥವಾಗಿ ಉಳಿದಿದ್ದಾನೆ. (ರಾಜೀನಾಮೆಯ 'ರಾಜಿ' ಬೇರೆ ಕುಲದ್ದು, ಅದನ್ನು ಈ ಪಂಕ್ತಿಯಲ್ಲಿ ಕೂರಿಸಬೇಡಿ.) 'ಸರ್ಕಾರದ್ರೋಹ' ಎಂದರೆ ಸರಿಯಾಗಬಹುದು, ಆದರೆ ಕಿವಿಗೆ ಒಗ್ಗದು.

ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ರಾಜದ್ರೋಹವೆಂಬ ಹೆಸರಿಲ್ಲ. ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಗೆ ಅಪಾಯ ತರುವ ಕೃತ್ಯಗಳ 152ನೇ ಕಲಮು ಬಂದಿದೆ. ಹೊಸ ಪ್ರಕರಣಗಳಿಗೆ ನಮ್ಮ ಪತ್ರಿಕೆ ಇನ್ನು ಕಲಮಿನ ಸಂಖ್ಯೆಯನ್ನೇ ಹಾಕಲಿದೆ. 'ದೇಶದ್ರೋಹ' ಅಚ್ಚಾದರೆ ಅದು ಯಾರದೋ ಬಾಯಿಂದ ಬಂದ ಮಾತಾಗಿ, ಉದ್ಧರಣ ಚಿಹ್ನೆಯೊಳಗೆ.