ಸಂಪಾದಕರ ಉತ್ತರ: ಹೊಸ್ತಿಲಲ್ಲಿ ನಿಂತವರು ಯಾರು?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ‘ಸ್ಟಾರ್ ವಾರ್ಸ್’ ಎಂಬ ಹಾಲಿವುಡ್ ಚಿತ್ರಸರಣಿಯನ್ನು ಕುರಿತು ಬಂದ ಲೇಖನವನ್ನು ಓದಿ ದಾವಣಗೆರೆಯಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ಚಿತ್ರದುರ್ಗದ ನಮ್ಮ ಕಚೇರಿಗೆ ತಲುಪಿದೆ. ನಮ್ಮ ಲೇಖನ ಲ್ಯೂಕ್‌ನನ್ನು ನಾಯಕ, ಓಬಿ-ವಾನ್‌ನನ್ನು ಗುರು, ಡಾರ್ತ್ ವೇಡರ್‌ನನ್ನು ನೆರಳು (ನಾಯಕನ ಕತ್ತಲ ಮಗ್ಗುಲಾಗಿ ಎದುರು ನಿಲ್ಲುವವನು) ಎಂದು ಒಂದೊಂದು ಗೂಡಿನಲ್ಲಿ ಕೂರಿಸಿ ಕೋಷ್ಟಕ ಮಾಡಿಬಿಟ್ಟಿತು ಎಂಬುದು ನಿಮ್ಮ ಆಕ್ಷೇಪ. ಎಲ್ಲ ಕಥೆಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವಾದರೆ ಕಥೆಗಾರನಿಗೆ ಉಳಿಯುವ ಕೆಲಸವೇನು ಎಂದು ಕೇಳಿದ್ದೀರಿ. ಪಿಯುಸಿ ಓದುತ್ತಿರುವ ನಿಮ್ಮ ಮಗಳು ಅದೇ ಕೋಷ್ಟಕದಲ್ಲಿ ರಾಜಕುಮಾರಿ ಲೇಯಾಳ ಹೆಸರಿನ ಮುಂದೆ ‘ಬಹುಮಾನ’ ಎಂದಿದ್ದುದನ್ನು ಕಂಡು, ‘ಇವಳೇನು ಗೆದ್ದು ತರುವ ಸಾಮಾನೇ?’ ಎಂದಳೆಂದೂ ಬರೆದಿದ್ದೀರಿ. ಇಬ್ಬರ ಪ್ರಶ್ನೆಗೂ ಬೇರು ಒಂದೇ ಎಂದು ನನಗೆ ತೋರಿದ್ದರಿಂದ ಒಟ್ಟಿಗೇ ಉತ್ತರಿಸುತ್ತೇನೆ.

ಅಮೆರಿಕದ ಪುರಾಣ ವಿದ್ವಾಂಸ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬುದ್ಧನ ಮಹಾಭಿನಿಷ್ಕ್ರಮಣವೂ ಸೇರಿದಂತೆ ಹಲವು ನಾಡುಗಳ ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು, ನಿರ್ಗಮನ, ದೀಕ್ಷೆ, ಮರಳುವಿಕೆ ಎಂಬ ಮೂರು ಘಟ್ಟಗಳನ್ನೂ ಅವುಗಳೊಳಗೆ 17 ಹಂತಗಳನ್ನೂ ಗುರುತಿಸಿದರು. ಚಿತ್ರಕಥೆ ಬರೆಯುವಾಗ ಆ ಗ್ರಂಥ ತಮಗೆ ನೆರವಾಯಿತೆಂದು ‘ಸ್ಟಾರ್ ವಾರ್ಸ್’ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಅವರೇ ಹೇಳಿಕೊಂಡಿದ್ದಾರೆ. ಸರಣಿಯ ಮೊದಲ ಚಿತ್ರ ತೆರೆಕಂಡದ್ದು 1977ರಲ್ಲಿ. ಆದರೆ ನಿಮಗೆ ಬೇಸರ ತರಿಸಿರುವ ಅಚ್ಚು ಕ್ಯಾಂಪ್‌ಬೆಲ್ ಅವರದೂ ಅಲ್ಲ, ಲ್ಯೂಕಾಸ್ ಅವರದೂ ಅಲ್ಲ. 1985ರಲ್ಲಿ ಡಿಸ್ನಿ ಸಂಸ್ಥೆಯಲ್ಲಿ ಕಥೆಗಳನ್ನು ಪರಿಶೀಲಿಸುತ್ತಿದ್ದ ಕ್ರಿಸ್ಟೋಫರ್ ವೋಗ್ಲರ್ ಆ ದೊಡ್ಡ ಗ್ರಂಥವನ್ನು 7 ಪುಟಗಳ ಟಿಪ್ಪಣಿಯಾಗಿ ಇಳಿಸಿದರು, ಅದು ಹಾಲಿವುಡ್ಡಿನಲ್ಲಿ ಕೈಯಿಂದ ಕೈಗೆ ಹರಿದಾಡಿತು. ವಿದ್ವಾಂಸನೊಬ್ಬ ಇದ್ದ ಕಥೆಗಳಲ್ಲಿ ಕಂಡುಕೊಂಡದ್ದು ಇನ್ನು ಮುಂದೆ ಹುಟ್ಟಬೇಕಾದ ಕಥೆಗಳಿಗೆ ಅಳತೆಗೋಲಾದದ್ದು ಅಲ್ಲಿಂದೀಚೆಗೆ.

ಕ್ಯಾಂಪ್‌ಬೆಲ್ ಅವರಿಗಿಂತ ಮೊದಲೇ, 1928ರಲ್ಲಿ, ರಷ್ಯಾದ ವ್ಲಾದಿಮಿರ್ ಪ್ರಾಪ್ ನೂರು ಜನಪದ ಕಥೆಗಳನ್ನು ಬಿಡಿಸಿ ನೋಡಿ ಹೇಳಿದ ಮಾತೊಂದಿದೆ. ನಮ್ಮ ಲೇಖನದಲ್ಲಿ ಇರಬೇಕಾಗಿದ್ದು ಇಲ್ಲದೆ ಹೋದದ್ದು ಅದೇ. ಕಥೆಯಲ್ಲಿ ಸ್ಥಿರವಾಗಿರುವುದು ಪಾತ್ರಗಳಲ್ಲ, ಅವು ಮಾಡುವ ಕೆಲಸಗಳು. ಒಂದು ಪಾತ್ರ ಹಲವು ಕೆಲಸಗಳನ್ನು ಹೊರಬಹುದು, ಒಂದೇ ಕೆಲಸ ಹಲವರ ನಡುವೆ ಹಂಚಿಹೋಗಬಹುದು. ನಮ್ಮ ಕಡೆಯ ಬಯಲಾಟ ನೋಡಿದವರಿಗೆ ಇದು ಹೊಸದೇನಲ್ಲ. ರಂಗಕ್ಕೆ ಬಂದ ವೇಷವನ್ನು ‘ತಾವು ಯಾರು?’ ಎಂದು ವಿಚಾರಿಸುವವನೂ ಸಾರಥಿಯೇ, ರಾಜನ ಮುಂದೆ ಕೈಕಟ್ಟಿ ನಿಲ್ಲುವವನೂ ಅವನೇ, ಮರುಗಳಿಗೆ ಅದೇ ರಾಜನ ಮಾತನ್ನು ಹಿಡಿದು ಜನರನ್ನು ನಗಿಸುವವನೂ ಅವನೇ. ನಾಯಕ, ಗುರು, ನೆರಳು ಎಂಬಂಥ ಮೂಲಪ್ರತಿಮೆಯೆಂದರೆ ಮನುಷ್ಯನಿಗೆ ಅಂಟಿಸಿದ ಚೀಟಿಯಲ್ಲ. ಆ ಗಳಿಗೆಯಲ್ಲಿ ಅವನು ಹೊತ್ತಿರುವ ಹೊರೆ.

ಹೀಗೆ ನೋಡಿದಾಗ ಚಿತ್ರ ಬೇರೆಯಾಗಿಯೇ ಕಾಣುತ್ತದೆ. ಲ್ಯೂಕ್ ಮರಳುಗಾಡಿನಲ್ಲಿ, ಗಾಳಿಯ ತೇವವನ್ನು ಹಿಡಿದು ನೀರು ಮಾಡುವ ಚಿಕ್ಕಪ್ಪನ ತೋಟದಲ್ಲಿ ಬೆಳೆದ ಹುಡುಗ. ಊರು ಬಿಟ್ಟು ಹೋಗುತ್ತೇನೆಂದರೆ ಚಿಕ್ಕಪ್ಪ ಬೇಡವೆನ್ನುವುದಿಲ್ಲ, ಸುಗ್ಗಿಗೆ ನೀನಿಲ್ಲದಿದ್ದರೆ ಆಗದು, ಇನ್ನೊಂದು ಬೆಳೆ ಮುಗಿಯಲಿ ಎನ್ನುತ್ತಾನೆ. ಮಳೆ ನೆಚ್ಚಿ ಶೇಂಗಾ ಬಿತ್ತುವ ಚಳ್ಳಕೆರೆ ಸೀಮೆಯ ಮನೆಗಳಲ್ಲಿ ಈ ಮಾತನ್ನು ಎಷ್ಟು ಮಕ್ಕಳು ಕೇಳಿಲ್ಲ! ಕೋಷ್ಟಕದಲ್ಲಿ ಈ ಚಿಕ್ಕಪ್ಪನಿಗೆ ಜಾಗವೇ ಇಲ್ಲ. ಆದರೆ ‘ಕರೆಯ ನಿರಾಕರಣೆ’, ಅಂದರೆ ಸಾಹಸಕ್ಕೆ ಬಂದ ಕರೆಯನ್ನು ನಾಯಕ ಮೊದಲು ಒಲ್ಲೆನೆನ್ನುವುದು, ಎಂಬ ಹಂತದ ಅರ್ಧ ಭಾರವನ್ನು ಹೊತ್ತವನು ಅವನೇ. ಮುಂದೆ ಓಬಿ-ವಾನ್ ತನ್ನೊಡನೆ ಬಾ ಎಂದು ಕರೆದಾಗ, ಮನೆಯಲ್ಲಿ ಕೆಲಸವಿದೆ, ಹೊತ್ತಾಯಿತು ಎಂದು ಲ್ಯೂಕ್ ಹೇಳುವ ಮಾತು ಚಿಕ್ಕಪ್ಪನ ಮಾತೇ. ಅವನು ಮನೆಗೆ ಮರಳುವಷ್ಟರಲ್ಲಿ ಮನೆ ಸುಟ್ಟುಹೋಗಿರುತ್ತದೆ. ಹಂತಗಳ ಪಟ್ಟಿ ಯಾರ ಕೈಯಲ್ಲಾದರೂ ಇರಬಹುದು, ಆ ಸುಗ್ಗಿಯ ಮಾತನ್ನು ಮಾತ್ರ ಕಥೆಗಾರನೇ ಹುಡುಕಿಕೊಳ್ಳಬೇಕು. ಅವನಿಗೆ ಉಳಿಯುವ ಕೆಲಸವೇನು ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು.

ನೆರಳಿನ ಮಾತೂ ಹಾಗೆಯೇ. ಸರಣಿಯ ಎರಡನೆಯದಾದ 1980ರ ಚಿತ್ರದಲ್ಲಿ ಲ್ಯೂಕ್ ಒಂದು ಗವಿಯೊಳಗಿಳಿದು, ಎದುರಾದ ವೇಡರ್‌ನ ತಲೆ ಕತ್ತರಿಸುತ್ತಾನೆ. ಉರುಳಿದ ಕಪ್ಪು ಮುಖವಾಡ ಸಿಡಿದಾಗ ಒಳಗೆ ಕಾಣುವುದು ಲ್ಯೂಕ್‌ನದೇ ಮುಖ. ವೇಡರ್ ತನ್ನ ತಂದೆಯೆಂದು ಅವನಿಗೆ ಇನ್ನೂ ತಿಳಿದಿರುವುದಿಲ್ಲ, ನೋಡುವ ನಮಗೂ ತಿಳಿದಿರುವುದಿಲ್ಲ. ಶತ್ರು, ತಂದೆ, ತಾನೇ ಆಗಿಬಿಡಬಹುದಾದ ಇನ್ನೊಬ್ಬ, ಈ ಮೂವರೂ ಒಂದೇ ಮುಖವಾಡದ ಹಿಂದಿರುವಾಗ ‘ನೆರಳು’ ಎಂದಷ್ಟೇ ಬರೆದು ಮುಗಿಸುವುದು ಆ ದೃಶ್ಯವನ್ನು ಅರ್ಧ ನೋಡಿದಂತೆ.

ಈಗ ನಮ್ಮ ದುರ್ಗದ ಒಂದು ಮಾತು. ಹೊಸ ಲೋಕದ ಬಾಗಿಲಲ್ಲಿ ನಾಯಕನನ್ನು ಅಡ್ಡಗಟ್ಟುವವನಿಗೆ ಕ್ಯಾಂಪ್‌ಬೆಲ್ ಹೊಸ್ತಿಲ ಕಾವಲುಗಾರ ಎಂದು ಹೆಸರಿಟ್ಟರು. ನಿಮ್ಮ ಪತ್ರ ಬಂದ ವಾರ ನಾನು ಕೋಟೆ ಹತ್ತಿ, ಓಬವ್ವನ ಕಿಂಡಿಯ ಬಳಿ ಬಹಳ ಹೊತ್ತು ನಿಂತಿದ್ದೆ. ಬಂಡೆಗಳ ನಡುವಿನ ಆ ಸಂದಿಯಲ್ಲಿ ಇಬ್ಬರು ಒಟ್ಟಿಗೆ ತೂರಲಾರರು. ಗಂಡ ಉಣ್ಣುತ್ತಿದ್ದಾಗ ನೀರಿಗೆಂದು ಹೋದ ಓಬವ್ವ, ಅದರೊಳಗೆ ಒಬ್ಬೊಬ್ಬನಾಗಿ ನುಸುಳಿ ಬರುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಹೊಡೆದು ಕೆಡವಿದಳೆಂಬ ಐತಿಹ್ಯ ನಿಮಗೆ ಗೊತ್ತೇ ಇದೆ. ಅವಳು ಎಲ್ಲಿಗೂ ಹೊರಡಲಿಲ್ಲ, ಅವಳಿಗೆ ಗುರುವಿಲ್ಲ, ದಿವ್ಯಾಸ್ತ್ರವಿಲ್ಲ, ಮರಳುವಿಕೆಯೂ ಇಲ್ಲ. ಕಿಂಡಿಯೊಳಗೆ ತೆವಳುತ್ತಿದ್ದ ಸೈನಿಕನ ಕಡೆಯಿಂದ ಕಥೆ ಹೇಳಿದರೆ ಅವಳು ಹೊಸ್ತಿಲ ಕಾವಲುಗಾರಳು. ಕೋಟೆಯೊಳಗಿನವರು ಹೇಳಿದರೆ ಅವಳೇ ನಾಯಕಿ. ನಿಂತ ಜಾಗ ಒಂದೇ. ಹೊರಟು ಹೋಗುವವನನ್ನೇ ನಾಯಕನೆಂದು ಎಣಿಸುವ ಚೌಕಟ್ಟಿಗೆ, ಇದ್ದಲ್ಲೇ ನಿಂತು ಕಾಯುವವರು ಸುಲಭವಾಗಿ ಕಾಣುವುದಿಲ್ಲ. ಇದು ಆ ಚೌಕಟ್ಟಿನ ನಿಜವಾದ ಕೊರತೆಯೆಂದೇ ನಾನು ತಿಳಿದಿದ್ದೇನೆ.

ನಿಮ್ಮ ಮಗಳ ಪ್ರಶ್ನೆಗೆ ಇದೇ ದಾರಿ. ಮೊದಲ ಚಿತ್ರದಲ್ಲಿ ಕರೆಯನ್ನು ಕಳುಹಿಸುವವಳೇ ಲೇಯಾ. ಶತ್ರುಗಳ ನೆಲೆಯ ನಕ್ಷೆಯನ್ನು ಯಂತ್ರಮಾನವನೊಳಗೆ ಅಡಗಿಸಿ ಅವಳು ಸಾಗಹಾಕದಿದ್ದರೆ ಲ್ಯೂಕ್ ಆ ತೋಟದಲ್ಲೇ ಇರುತ್ತಿದ್ದ. ಬಿಡಿಸಲು ಬಂದವರು ಓಣಿಯಲ್ಲಿ ಸಿಕ್ಕಿಬಿದ್ದಾಗ ಬಂದೂಕು ಕಸಿದುಕೊಂಡು ಗೋಡೆಯ ಜಾಲರಿ ಒಡೆದು ದಾರಿ ಮಾಡುವವಳೂ ಅವಳೇ. 1983ರ ಮೂರನೆಯ ಚಿತ್ರದಲ್ಲಂತೂ ಅವಳ ಜೊತೆಗಾರ ಹಾನ್ ಸೋಲೋ ಹೆಪ್ಪುಗಟ್ಟಿದ ಪ್ರತಿಮೆಯಂತೆ ಶತ್ರುವಿನ ಗೋಡೆಗೆ ತೂಗುಬಿದ್ದಿರುತ್ತಾನೆ, ಲೇಯಾ ಮುಖ ಮರೆಸುವ ಶಿರಸ್ತ್ರಾಣ ತೊಟ್ಟು ರಾತ್ರಿ ಒಳನುಗ್ಗಿ ಅವನನ್ನು ಕರಗಿಸುತ್ತಾಳೆ. ಕಣ್ಣು ಕಾಣದೆ ನಡುಗುತ್ತಾ ಅವನು ‘ಯಾರು ನೀನು?’ ಎನ್ನುತ್ತಾನೆ, ನಿನ್ನನ್ನು ಪ್ರೀತಿಸುವವಳು ಎಂದು ಅವಳು ಹೇಳುತ್ತಾಳೆ. ಆ ದೃಶ್ಯದಲ್ಲಿ ಗವಿ ಹೊಕ್ಕವಳು ಅವಳು, ಗೆದ್ದು ತರಬೇಕಾದದ್ದು ಅವನು.

ಕೋಷ್ಟಕದಲ್ಲಿ ‘ಬಹುಮಾನ’ ಎಂಬ ಪದ ಲೇಖಕರದಲ್ಲ; ಪುಟ ಸಿದ್ಧಪಡಿಸುವಾಗ ಜಾಗಕ್ಕೆ ಹೊಂದಲೆಂದು ನಾನು ಸೇರಿಸಿದ್ದು. ಅದನ್ನು ಹಿಂತೆಗೆದುಕೊಂಡಿದ್ದೇನೆ. ನಿಮ್ಮ ಮಗಳು ಒಪ್ಪಿದರೆ, ಲೇಯಾಳನ್ನು ಕುರಿತು ಅವಳೇ ಬರೆದ ಎರಡು ಪುಟಗಳನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲು ಜಾಗ ಕಾದಿರಿಸಿದ್ದೇನೆ.

— ಸಂಪಾದಕ