ಮ್ಯಾಟರ್‌ಹಾರ್ನ್ ಕಾಣದ ದಿನ ಜರ್ಮಾಟ್‌ನಲ್ಲಿ ಏನು ನೋಡಬೇಕು?

ಪ್ರಶ್ನೆ: ಜೂನ್ ಕೊನೆಯಲ್ಲಿ ಅಪ್ಪ-ಅಮ್ಮನ ಜೊತೆ ಸ್ವಿಟ್ಜರ್ಲೆಂಡ್‌ಗೆ ಹೊರಟಿದ್ದೇವೆ. ಜರ್ಮಾಟ್‌ನಲ್ಲಿ ಒಂದೇ ದಿನ. ಅವತ್ತು ಮಳೆ ಹಿಡಿದರೆ, ಮ್ಯಾಟರ್‌ಹಾರ್ನ್ ಶಿಖರ ನೋಡಲು ಗೊರ್ನರ್‌ಗ್ರಾಟ್ ಬೆಟ್ಟಕ್ಕೆ ಹೋಗುವ ರೈಲು ಹತ್ತುವುದೋ ಬಿಡುವುದೋ? ಬಿಟ್ಟರೆ ಊರಲ್ಲಿ ನೋಡಲು ಏನಿದೆ?
– ಮೈಸೂರಿನ ಓದುಗರು

ಉತ್ತರ: ಟಿಕೆಟ್ ಮುಂಗಡ ಕೊಳ್ಳಬೇಡಿ. ಬೆಳಿಗ್ಗೆ ಎದ್ದೊಡನೆ ಗೊರ್ನರ್‌ಗ್ರಾಟ್‌ನ ವೆಬ್‌ಕ್ಯಾಮ್ ನೋಡಿ. ಪರದೆ ಪೂರ್ತಿ ಬೆಳ್ಳಗಿದ್ದರೆ ಮೇಲೆ ಹೋದರೂ ಕಾಣುವುದು ಅದೇ ಬಿಳುಪು. ಊರು ಇರುವುದು ಸುಮಾರು 1,600 ಮೀಟರ್ ಎತ್ತರದಲ್ಲಿ, ಗೊರ್ನರ್‌ಗ್ರಾಟ್ 3,089 ಮೀಟರ್‌ನಲ್ಲಿ. ಮಳೆಯ ದಿನ ಸಾವಿರ ಮೀಟರ್ ಏರಿದರೆ ಆರು ಡಿಗ್ರಿಯಷ್ಟು ಚಳಿ ಹೆಚ್ಚುತ್ತದೆ. ಹಾಗಾಗಿ ಕೆಳಗೆ ಹತ್ತು ಡಿಗ್ರಿ ಇದ್ದರೆ ಮೇಲೆ ಸೊನ್ನೆಯ ಆಸುಪಾಸು; ಜೂನ್‌ನಲ್ಲೂ ಹಿಮ ಬೀಳಬಹುದು. ದುಬಾರಿ ಟಿಕೆಟ್ಟಿಗೆ ಅದು ತಕ್ಕ ಪ್ರತಿಫಲ ಅಲ್ಲ.

ಊರೊಳಗೇ ನಡೆಯಿರಿ. ರೈಲು ನಿಲ್ದಾಣದಿಂದ ಮುಖ್ಯ ಬೀದಿ ಬಾನ್‌ಹೋಫ್‌ಸ್ಟ್ರಾಸೆಯಲ್ಲಿ ಚರ್ಚಿನ ಕಡೆಗೆ ಹೊರಟು, ಅರ್ಧ ದಾರಿ ದಾಟಿದ ಮೇಲೆ ಎಡಕ್ಕೆ ತಿರುಗಿದರೆ ಹಿಂಟರ್‌ಡಾರ್ಫ್ ಎಂಬ ಹಳೆಯ ಕೇರಿ. ಗಡಿಯಾರದ ಅಂಗಡಿಗಳಿಗಿಂತ ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಲಾರ್ಚ್ ಮರದ ದಿಮ್ಮಿಗಳಿಂದ ಕಟ್ಟಿದ, ಕೆಲವು ಶತಮಾನ ಕಂಡ ಕಟ್ಟಡಗಳು ಒತ್ತೊತ್ತಾಗಿ ನಿಂತಿವೆ. ಚಾವಣಿಗೆ ಹೊದಿಸಿರುವುದು ಕಲ್ಲುಚಪ್ಪಡಿ. ಕೆಲವು ಕಟ್ಟಡಗಳು ಗಿಡ್ಡ ಮರದ ಕಾಲುಗಳ ಮೇಲಿವೆ, ಕಾಲಿಗೂ ಕಟ್ಟಡಕ್ಕೂ ನಡುವೆ ಬೀಸುಕಲ್ಲಿನಂತೆ ದುಂಡನೆಯ ಅಗಲವಾದ ಚಪ್ಪಡಿ. ಇಲಿ ಕಾಲನ್ನೇನೋ ಹತ್ತುತ್ತದೆ. ಚಪ್ಪಡಿಯ ಅಡಿಯಲ್ಲಿ ತಲೆಕೆಳಗಾಗಿ ಅಂಚಿನವರೆಗೆ ಹೋಗಲಾರದೆ ಬೀಳುತ್ತದೆ. ಇಂಥ ಕಟ್ಟಡ ಕಂಡರೆ ಅದು ಧಾನ್ಯದ್ದು ಎಂದು ತಿಳಿಯಿರಿ. ರೈ ಕಟ್ಟುಗಳನ್ನು ಒಟ್ಟಿ, ಒಳಗೇ ಬಡಿದು ಕಾಳು ಬಿಡಿಸುತ್ತಿದ್ದದ್ದು ಸ್ಟಾಡೆಲ್. ಬಡಿದ ಕಾಳು, ಬ್ರೆಡ್ಡು, ಒಣಮಾಂಸ ಇಡುತ್ತಿದ್ದದ್ದು ಸ್ಪೈಶರ್, ಅಂದರೆ ನಮ್ಮ ಕಣಜ. ದನ ಕಟ್ಟಿ ಹುಲ್ಲು ಒಟ್ಟುವ ಕೊಟ್ಟಿಗೆಗೆ ಚಪ್ಪಡಿ ಬೇಕಿಲ್ಲ. ಒಂದೇ ಕಟ್ಟಡವನ್ನು ಸುತ್ತು ಬಂದು ನೋಡಿ: ಬಿಸಿಲು ಬೀಳುವ ಗೋಡೆ ಕಂದುಗಪ್ಪು, ನೆರಳಿನದು ಬೂದಿ ಬಣ್ಣ. ಇವು ಖಾಸಗಿ ಆಸ್ತಿ, ಮೆಟ್ಟಿಲು ಹತ್ತಬೇಡಿ.

ಅಲ್ಲಿಂದ ಸೇಂಟ್ ಮೌರಿಶಿಯಸ್ ಚರ್ಚಿಗೆ ಐದು ನಿಮಿಷ. ಪಕ್ಕದಲ್ಲೇ ಪರ್ವತಾರೋಹಿಗಳ ಸ್ಮಶಾನ, ಹತ್ತಿರದಲ್ಲೇ ನೆಲದಡಿಯ ಮ್ಯಾಟರ್‌ಹಾರ್ನ್ ಮ್ಯೂಸಿಯಂ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ತಂಡದ ಏಳು ಮಂದಿ ಮೊದಲ ಬಾರಿಗೆ ಶಿಖರ ಮುಟ್ಟಿದರು. ಇಳಿಯುವಾಗ ಹಗ್ಗ ತುಂಡಾಗಿ ನಾಲ್ವರು ಸತ್ತರು. ಆ ಹಗ್ಗ ಇಲ್ಲಿದೆ. ಎಷ್ಟು ತೆಳು ಎಂದು ಕಣ್ಣಾರೆ ನೋಡಿ. ಬಹಳ ಸಲ ಮ್ಯೂಸಿಯಂ ತೆರೆಯುವುದು ಮಧ್ಯಾಹ್ನದ ಮೇಲೆ. ಆದ್ದರಿಂದ ಬೆಳಿಗ್ಗೆ ಕೇರಿ, ಊಟವಾದ ಮೇಲೆ ಮ್ಯೂಸಿಯಂ ಎಂದು ಇಟ್ಟುಕೊಳ್ಳಿ.

ಹಿರಿಯರಿಗೆ ಒಂದು ಎಚ್ಚರಿಕೆ. ಊರಲ್ಲಿ ಪೆಟ್ರೋಲ್ ಕಾರು ಇಲ್ಲ ನಿಜ, ಆದರೆ ವಿದ್ಯುತ್ ಟ್ಯಾಕ್ಸಿಗಳು ಸದ್ದಿಲ್ಲದೆ ಬರುತ್ತವೆ. ಜಾಕೆಟ್ಟಿನ ಟೊಪ್ಪಿಗೆ ಹಾಕಿದಾಗ ಕಿವಿಗೂ ಕಣ್ಣಂಚಿಗೂ ಗೊತ್ತಾಗುವುದಿಲ್ಲ. ಬೀದಿ ದಾಟುವ ಮುನ್ನ ಪೂರ್ತಿ ತಿರುಗಿ ನೋಡಲಿ.

ಪ್ರಶ್ನೆ: ಮಲೆನಾಡಿನ ಮಳೆಯಲ್ಲೇ ಬೆಳೆದವರು ನಾವು. ಕೊಡೆ, ಜೀನ್ಸ್, ಚಪ್ಪಲಿ ಸಾಲದೇ?
– ತೀರ್ಥಹಳ್ಳಿಯ ಓದುಗರು

ಉತ್ತರ: ಸಾಲದು. ಅಲ್ಲಿನ ಮಳೆ ನಿಮ್ಮೂರಿನಷ್ಟು ಜೋರಿಲ್ಲ, ಚಳಿ ಮಾತ್ರ ಬೇರೆಯೇ. ಒದ್ದೆ ಹತ್ತಿ ಬಟ್ಟೆ ಮೈಗೆ ಅಂಟಿ ಶಾಖ ಎಳೆದುಕೊಳ್ಳುತ್ತದೆ. ಜೀನ್ಸ್ ಒಮ್ಮೆ ನೆನೆದರೆ ದಿನವಿಡೀ ಒಣಗದು. ಒಳಗೆ ಉಣ್ಣೆಯ ಅಥವಾ ಪಾಲಿಯೆಸ್ಟರ್ ಬನಿಯನ್, ಮೇಲೆ ಫ್ಲೀಸ್, ಅದರ ಮೇಲೆ ನೀರಿಳಿಯದ ಜಾಕೆಟ್. ಒದ್ದೆ ಹಾಸುಗಲ್ಲು ಜಾರುವುದರಿಂದ ಅಡಿಯಲ್ಲಿ ಹಲ್ಲಿರುವ ಶೂ ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಇನ್ನೊಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಬೀದಿಯಲ್ಲಿ ಕೊಡೆ ಚೆನ್ನ. ರಾತ್ರಿ ಶೂವನ್ನು ಹೀಟರ್ ಮೇಲಿಡಬೇಡಿ, ಅಂಟು ಬಿಡುತ್ತದೆ. ಒಳಗೆ ಪತ್ರಿಕೆ ಕಾಗದ ತುರುಕಿ, ಒಂದು ಗಂಟೆಯ ನಂತರ ಬದಲಿಸಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಚಳಿಗೆ ಬಿಸಿಯಾಗಿ ಏನು ತಿನ್ನಬಹುದು?
– ಹುಬ್ಬಳ್ಳಿಯ ಓದುಗರು

ಉತ್ತರ: ಆಲೂಗಡ್ಡೆ ತುರಿದು ಹುರಿಯುವ ರೋಸ್ತಿ ಸಿಗುತ್ತದೆ. ಆದರೆ ಬೇಕನ್ ಸೇರಿಸುವುದುಂಟು, ಹಂದಿ ಕೊಬ್ಬಿನಲ್ಲಿ ಹುರಿಯುವುದೂ ಉಂಟು. ‘ಓಹ್ನೆ ಶ್ಪೆಕ್’ (ಬೇಕನ್ ಬೇಡ) ಎನ್ನಿ, ಬೆಣ್ಣೆಯಲ್ಲಿ ಮಾಡುತ್ತೀರಾ ಎಂದೂ ಕೇಳಿ. ಕರಗಿಸಿದ ಚೀಸ್‌ನ ಫಾಂಡ್ಯೂಗೆ ವೈನ್ ಹಾಕುತ್ತಾರೆ. ರಾಕ್ಲೆಟ್‌ನಂಥ ಚೀಸ್‌ಗೆ ಸಾಮಾನ್ಯವಾಗಿ ಹಾಲು ಗಟ್ಟಿಯಾಗಲೆಂದು ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕಿರುತ್ತಾರೆ, ಅದು ನಿಮಗೆ ಆಗದು. ತರಕಾರಿ ಸೂಪಿನಲ್ಲೂ ಮಾಂಸದ ಸಾರು ಇರಬಹುದು. ಮಧ್ಯಾಹ್ನ ಎರಡರ ಮೇಲೆ ಅನೇಕ ಕಡೆ ಅಡುಗೆಮನೆ ಮುಚ್ಚುತ್ತದೆ. ಅದಕ್ಕೆ ಮುಂಚೆ ಕುಳಿತುಬಿಡಿ.

ಪ್ರಶ್ನೆ: ಮಳೆಯಲ್ಲಿ ಜರ್ಮಾಟ್ ಪಕ್ಕದ ಗೊರ್ನರ್ ಕಣಿವೆಯ ಮರದ ದಾರಿಯಲ್ಲಿ ಹೋಗಬಹುದೇ?
– ಮಂಗಳೂರಿನ ಓದುಗರು

ಉತ್ತರ: ತುಂತುರು ಮಳೆಯಲ್ಲಿ, ದಾರಿ ತೆರೆದಿದ್ದರೆ ಖಂಡಿತ. ಬಂಡೆಗೆ ಅಂಟಿಸಿದಂತಿರುವ ಇಕ್ಕಟ್ಟಿನ ಮರದ ಹಾದಿ. ಕೊಡೆ ಮಡಚಿ, ಕೈ ಕಟಾಂಜನದ ಮೇಲಿರಲಿ. ಎಡೆಬಿಡದೆ ಸುರಿದರೆ ಬೇಡ. 2024ರ ಜೂನ್‌ನಲ್ಲಿ ಇಲ್ಲಿನ ಹೊಳೆ ಉಕ್ಕಿ ಬೀದಿಗೆ ನುಗ್ಗಿತ್ತು, ಕೆಳಗಿನ ವಿಸ್ಪ್ ಪಟ್ಟಣದ ಕಡೆಯ ರೈಲು ನಿಂತು ಊರೇ ಸಂಪರ್ಕ ಕಳೆದುಕೊಂಡಿತ್ತು. ದಾರಿ ತೆರೆದಿದೆಯೇ ಎಂದು ನಿಲ್ದಾಣದ ಬಳಿಯ ಪ್ರವಾಸಿ ಕಚೇರಿಯಲ್ಲಿ ಕೇಳಿಯೇ ಹೊರಡಿ. ಮಳೆ ಜೋರಿರುವ ವಾರದಲ್ಲಿ ಜರ್ಮಾಟ್ ಬಿಡುವ ದಿನವೇ ವಿಮಾನ ಹತ್ತುವಂತೆ ಟಿಕೆಟ್ ಮಾಡಿಸಬೇಡಿ.